ಅಡಿಕೆ ಸುಲಿಯಲು ಲಂಕೆಗೆ ಹೋದವರು

ಸಾಗರ

ಒಂದು ದೇಶ ಕಷ್ಟದಲ್ಲಿದ್ದಾಗ ಅಲ್ಲಿಗೆ ಹನ್ನೊಂದು ಜನ ಗಂಡಸರು, ಮೂವತ್ತು ಶಾಲು ಮತ್ತು ಒಂದು ಯಂತ್ರವನ್ನು ಕಳಿಸಬೇಕು ಎಂಬ ಯೋಚನೆ ಮೊದಲು ಯಾರಿಗೆ ಬಂತೋ ಗೊತ್ತಿಲ್ಲ. ನಾನು ಸಭೆಗೆ ಹೋಗುವಷ್ಟರಲ್ಲಿ ಅದು ತೀರ್ಮಾನವಾಗಿ ಹೋಳಿಗೆ ಊಟವೂ ಮುಗಿದಿತ್ತು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನ ಅಡಿಕೆ ವ್ಯವಹಾರಸ್ಥರು ಸೇರಿ ಒಂದು ನಿಯೋಗ ಮಾಡಿಕೊಂಡಿದ್ದರು. ಶ್ರೀಲಂಕಾದಲ್ಲಿ ಆಗ ಪೆಟ್ರೋಲಿಗೆ ಸಾಲು, ಗ್ಯಾಸಿಗೆ ಸಾಲು, ಔಷಧಕ್ಕೆ ಸಾಲು. ಇಂಥ ಹೊತ್ತಿನಲ್ಲಿ ಅಲ್ಲಿಗೆ ಹೋಗಿ ಉಭಯ ದೇಶಗಳ ವ್ಯಾಪಾರ ಬಾಂಧವ್ಯವನ್ನು ಗಟ್ಟಿ ಮಾಡುವುದೇ ನಮ್ಮ ಉದ್ದೇಶ ಎಂದು ಕರಪತ್ರದಲ್ಲಿ ಅಚ್ಚಾಗಿತ್ತು. ಕರಪತ್ರದ ಹಿಂಬದಿಯಲ್ಲಿ ನೋಡಲೇಬೇಕಾದ ಸ್ಥಳಗಳ ಪಟ್ಟಿ ಇತ್ತು.

ಅಧ್ಯಕ್ಷರು ತೀರ್ಥಹಳ್ಳಿಯ ತಮ್ಮಣ್ಣಗೌಡರು. ತೋಟವಿದೆ, ಕಲ್ಯಾಣಮಂಟಪವಿದೆ, ಪೆಟ್ರೋಲ್ ಬಂಕೂ ಇದೆ. ಹಾಗಾಗಿ ಪೆಟ್ರೋಲಿಗೆ ಸಾಲು ನಿಲ್ಲುವುದೆಂದರೆ ಏನೆಂದು ಹುಟ್ಟಿದಾರಭ್ಯ ಅವರಿಗೆ ಗೊತ್ತಿಲ್ಲ. ಇದೇ ಗೌಡರು ಎರಡು ತಿಂಗಳ ಹಿಂದೆ ಸಾಗರದಲ್ಲಿ ವಿದೇಶಿ ಅಡಿಕೆಯ ವಿರುದ್ಧ ಧರಣಿ ಕೂತಿದ್ದರು. ಲಂಕಾದ ದಾರಿಯಲ್ಲಿ ಬರುವ ಅಡಿಕೆ ನಮ್ಮ ಹೊಟ್ಟೆಯ ಮೇಲೆ ಹೊಡೆಯುತ್ತಿದೆ ಎಂದು ಮೈಕ್ ಒಡೆಯುವ ಹಾಗೆ ಕೂಗಿದ್ದರು. ಆ ಲಂಕಾ ಈಗ ಬಾಂಧವ್ಯದ ದೇಶವಾಗಿತ್ತು. ಈ ಎರಡಕ್ಕೂ ನಡುವೆ ಏನಾಯಿತು ಎಂದು ನಾನು ಕೇಳಲಿಲ್ಲ. ನನಗೂ ಸ್ವಾರ್ಥವಿತ್ತು.

ನಾನು ಹೂವಪ್ಪ. ರಿಪ್ಪನ್‌ಪೇಟೆಯಲ್ಲಿ ಅಡಿಕೆ ಸುಲಿಯುವ ಯಂತ್ರ ಮಾಡುವವನು. ನಮ್ಮ ಅವ್ವ ಇನ್ನೊಬ್ಬರ ಅಂಗಳದಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದು ನನ್ನನ್ನು ಐಟಿಐ ಓದಿಸಿದಳು. ಅವಳ ಬೆರಳು ನೋಡಿಯೇ ನಾನು ಯಂತ್ರಕ್ಕೆ ಕೈ ಹಾಕಿದ್ದು. ಒಂದು ಕಾಲದಲ್ಲಿ ನನ್ನ ಯಂತ್ರಕ್ಕೆ ಜನ ಕಾದು ಕೂರುತ್ತಿದ್ದರು. ಆಮೇಲೆ ದೊಡ್ಡ ಕಂಪನಿಗಳು ಬಂದವು, ಅವಕ್ಕೆ ಸಬ್ಸಿಡಿ ಬಂತು. ಸಬ್ಸಿಡಿಗೆ ಬೇಕಾದ ಸರ್ಟಿಫಿಕೇಟು ನನ್ನ ಹತ್ತಿರ ಇರಲಿಲ್ಲ. ಆ ವರ್ಷ ಶ್ರಾವಣ ಬಂದರೂ ನನಗೆ ಒಂದೇ ಒಂದು ಆರ್ಡರ್ ಇರಲಿಲ್ಲ. ಸುಗ್ಗಿಯೊಳಗೆ ಹತ್ತು ಯಂತ್ರವಾದರೂ ಹೋಗದಿದ್ದರೆ ಶೆಡ್ಡಿಗೆ ಬೀಗ ಹಾಕುವುದೇ ಸೈ. ನನ್ನ ಜೊತೆ ಹದಿನಾಲ್ಕು ವರ್ಷದಿಂದ ಇರುವ ರಫೀಕ್, ಸುಧಾಕರ ಇಬ್ಬರಿಗೂ ಅದನ್ನು ಹೇಳುವ ಧೈರ್ಯ ನನಗಿರಲಿಲ್ಲ. ಅವರಿಗೆ ಗೊತ್ತಾಗಿತ್ತು. ಅವರೂ ನನಗೆ ಹೇಳಲಿಲ್ಲ.

ಅಂಥ ಹೊತ್ತಿನಲ್ಲಿ ಗೌಡರು, "ನಿನ್ ಮೆಷಿನ್ನೂ ತಗಂಡ್ ಬಾ ಹೂವಪ್ಪ. ಬರೀ ತಿರುಗಾಡಕ್ಕೆ ಹೋದ್ರು ಅಂತ ಆಗ್ಬಾರ್ದು ನೋಡು" ಎಂದರು.

ಲಂಕಾದ ಕೇಗಾಲೆ ಎಂಬಲ್ಲಿಂದ ನಿಮಲ್ ಎನ್ನುವ ನಿವೃತ್ತ ಗಣಿತದ ಮೇಷ್ಟರೊಬ್ಬರು ನಿಯೋಗಕ್ಕೆ ಕಾಗದ ಬರೆದಿದ್ದರು. ಅವರು ಅಲ್ಲಿನ ಹಳ್ಳಿಯ ಸಹಕಾರ ಸಂಘವೊಂದರ ಕಾರ್ಯದರ್ಶಿ. 'ನಮ್ಮ ಸಂಘದ ಹೆಂಗಸರು ಅಡಿಕೆ ಸುಲಿಯುತ್ತಾರೆ. ಕೈ ಕುಯ್ದುಕೊಳ್ಳುತ್ತಾರೆ. ಯಂತ್ರ ಸರಿಹೋದರೆ ಹತ್ತು ಹಳ್ಳಿಗೂ ಬೇಕು' ಎಂದಿತ್ತು ಅದರಲ್ಲಿ. ಹತ್ತು ಎಂಬ ಅಕ್ಷರವನ್ನು ನಾನು ಎರಡೆರಡು ಸಲ ಓದಿದೆ. ತಿರುಗಿ ಕೇಳಿದೆ: ಅಲ್ಲಿ ಕರೆಂಟು ಎಷ್ಟು ವೋಲ್ಟು, ಪ್ಲಗ್ಗಿನ ಕಾಲು ಎಷ್ಟು, ಅಡಿಕೆಯ ಗಾತ್ರ ಎಷ್ಟು, ದಿನಕ್ಕೆ ಎಷ್ಟು ಮೂಟೆ. ನಿಮಲ್ ಮೇಷ್ಟರು ಎಲ್ಲಕ್ಕೂ ಚೊಕ್ಕವಾಗಿ ಉತ್ತರಿಸಿದರು. ನಾನು ಕೇಳದೇ ಬಿಟ್ಟದ್ದು ಒಂದೇ ಒಂದು. ಅದು ಆಮೇಲೆ.

ಬೆಂಗಳೂರು ವಿಮಾನ ನಿಲ್ದಾಣ

ಯಂತ್ರವನ್ನು ಮೂರು ಭಾಗ ಬಿಚ್ಚಿ ಮೂರು ಗಂಟು ಕಟ್ಟಿದ್ದೆ. ಸುತ್ತಲಿಕ್ಕೆ ಗಟ್ಟಿ ಹೊದಿಕೆ ಬೇಕಿತ್ತು. ನಮ್ಮ ಕಡೆ ಅದಕ್ಕೆ ಅಂಗಡಿಗೆ ಹೋಗುವುದಿಲ್ಲ, ಹಳೆಯ ಫ್ಲೆಕ್ಸ್ ಹುಡುಕುತ್ತೇವೆ. ಸೌದೆಗೆ, ಗೊಬ್ಬರಕ್ಕೆ, ಸ್ಕೂಟರಿಗೆ, ಎಲ್ಲಕ್ಕೂ ಯಾರದೋ ಹುಟ್ಟುಹಬ್ಬದ ಶುಭಾಶಯವೇ ಸೂರು. ಗೌಡರ ಮಂಟಪದ ಹಿಂದೆ ಬಿದ್ದಿದ್ದ ಧರಣಿಯ ಫ್ಲೆಕ್ಸನ್ನು ಅವರೇ ಕೊಟ್ಟರು. ಹೀಗಾಗಿ ನನ್ನ ಯಂತ್ರದ ದೊಡ್ಡ ಗಂಟಿನ ಮೇಲೆ, 'ವಿದೇಶಿ ಅಡಿಕೆ ಆಮದು ನಿಲ್ಲಿಸಿ' ಎಂಬ ಕೆಂಪು ಅಕ್ಷರದ ಕೆಳಗೆ, ತಮ್ಮಣ್ಣಗೌಡರು ಕೈಮುಗಿದು ನಿಂತಿದ್ದರು.

ಕೌಂಟರಿನಲ್ಲಿ ತೂಕ ಜಾಸ್ತಿಯಾಯಿತು. ಶಾಲು, ಪೇಟ, ಗಂಧದ ಹಾರ, ಗಾಜಿನ ಚೌಕಟ್ಟಿನ ಸ್ಮರಣಿಕೆಗಳಿದ್ದ ಎರಡು ಪೆಟ್ಟಿಗೆಗಳನ್ನು ಬಿಡುವ ಮಾತೇ ಇರಲಿಲ್ಲ. ನನ್ನ ಹತ್ಯಾರಿನ ಪೆಟ್ಟಿಗೆಯನ್ನು, ಅದರೊಳಗಿನ ಬೇರೆ ಬೇರೆ ಅಳತೆಯ ಬ್ಲೇಡುಗಳನ್ನು, ಡ್ರೈವರ್ ಕೈಗೆ ಕೊಟ್ಟು ಊರಿಗೆ ವಾಪಸು ಕಳಿಸಿದೆವು. "ಸ್ಪ್ಯಾನರ್ ಅಲ್ಲೂ ಸಿಗ್ತದೆ ಮಾರಾಯ, ಮೈಸೂರು ಪೇಟ ಸಿಗ್ತದಾ?" ಎಂದು ಗೌಡರು ಕೇಳಿದರು.

ಕೊಲಂಬೊ

ಕಸ್ಟಮ್ಸ್‌ನವನು ನನ್ನ ಗಂಟು ಬಿಚ್ಚಿಸಿದ. ಬ್ಲೇಡು ನೋಡಿ ಮುಖ ಗಂಟಿಕ್ಕಿದ. ನನ್ನ ಇಂಗ್ಲಿಷು ಅವನಿಗೆ ಸಾಲದು, ಅವನದು ನನಗೆ ಸಾಲದು. ಮರ ಹತ್ತಿ ಅಡಿಕೆಯ ಗೊನೆ, ನಮ್ಮ ಮಾತಲ್ಲಿ ಕೊನೆ, ಕಡಿದು ಸುಲಿಯುವುದನ್ನು ಕೈಸನ್ನೆಯಲ್ಲಿ ಆಡಿ ತೋರಿಸಿದೆ. ಅವನ ಹಲ್ಲು ನನ್ನ ಹಲ್ಲಿನಷ್ಟೇ ಕೆಂಪಗಿದ್ದವು. ತಟ್ಟನೆ ಅರ್ಥವಾಗಿ "ಪುವಕ್" ಎಂದು ನಕ್ಕ. ಅಡಿಕೆಗೆ ಅವರು ಹಾಗೆನ್ನುತ್ತಾರೆ. ಆಮೇಲೆ ಅವನೂ ಆಡಿ ತೋರಿಸಿದ. ಆದರೆ ಅವನು ಮರ ಹತ್ತಲಿಲ್ಲ. ಬಗ್ಗಿ ನೆಲದಿಂದ ಹೆಕ್ಕಿದ, ಬಿಸಿಲಿಗೆ ಹರಡಿದ, ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದ. ಪೇಟೆಯವನು, ಅಡಿಕೆಯ ವಿಷಯ ಇವನಿಗೇನು ಗೊತ್ತು ಎಂದುಕೊಂಡು ನಾನು ತಲೆಯಾಡಿಸಿ ಮುಂದೆ ಹೋದೆ.

ಮಾರನೆಯ ದಿನ ಹೋಟೆಲಿನ ಹಾಲ್‌ನಲ್ಲಿ ಸಭೆ. ಅವರ ಕಡೆಯಿಂದ ಹದಿನೈದು ವರ್ತಕರು ಬಂದಿದ್ದರು. ಮೇಜಿನ ಮೇಲೆ ದಾಲ್ಚಿನ್ನಿ, ಲವಂಗ, ಟೀ ಪುಡಿ, ಕಾಳುಮೆಣಸು ಇಟ್ಟರು. ನಮ್ಮವರು ಚೀಲ ಬಿಚ್ಚಿ ಅಡಿಕೆ, ಏಲಕ್ಕಿ, ಕಾಳುಮೆಣಸು ಇಟ್ಟರು. ಸ್ವಲ್ಪ ಹೊತ್ತು ಎರಡೂ ಕಡೆಯವರು ಎರಡೂ ಕಾಳುಮೆಣಸನ್ನು ನೋಡುತ್ತಾ ಕೂತರು. ಅವರಿಗೆ ಡಾಲರ್ ಬೇಕಿತ್ತು, ಮಾರಲಿಕ್ಕೆ ಬಂದಿದ್ದರು. ನಮ್ಮವರಿಗೆ ದರ ಬಿದ್ದಿತ್ತು, ಮಾರಲಿಕ್ಕೆ ಹೋಗಿದ್ದರು. ಕೊಳ್ಳುವವನು ಒಬ್ಬನೂ ಇಲ್ಲದ ಇಂಥ ಸಂತೆಯನ್ನು ನಾನು ಎಲ್ಲೂ ನೋಡಿಲ್ಲ. ನಮ್ಮ ರಿಪ್ಪನ್‌ಪೇಟೆ ಸಂತೆಯಲ್ಲಿ ಕೊನೆಯ ಪಕ್ಷ ಚೌಕಾಸಿ ಮಾಡಿ ಬಿಟ್ಟು ಹೋಗುವವರಾದರೂ ಇರುತ್ತಾರೆ.

ವ್ಯಾಪಾರ ಹತ್ತು ನಿಮಿಷದಲ್ಲಿ ಮುಗಿಯಿತು. ಸನ್ಮಾನ ಎರಡು ಗಂಟೆ ನಡೆಯಿತು. ಹದಿನೈದೂ ಜನರಿಗೆ ಶಾಲು ಹೊದಿಸಿ, ಪೇಟ ತೊಡಿಸಿ, ಹಾರ ಹಾಕಿ, ಸ್ಮರಣಿಕೆ ಕೊಟ್ಟು ಫೋಟೊ ತೆಗೆಸಿಕೊಂಡರು. ಅರ್ಧಕ್ಕೆ ಬರುವಾಗ ಕರೆಂಟು ಹೋಯಿತು. ಸಮುದ್ರದ ಪಕ್ಕದ ಊರು, ಎಸಿ ಇಲ್ಲ, ಫ್ಯಾನಿಲ್ಲ, ಉಣ್ಣೆಯ ಶಾಲು ಹೊದ್ದು ಕೂತ ಆ ವರ್ತಕರ ಮುಖದಿಂದ ಬೆವರು ಗಂಧದ ಹಾರದ ಮೇಲೆ ತೊಟ್ಟಿಕ್ಕುತ್ತಿತ್ತು. ಒಬ್ಬರೂ ಶಾಲು ತೆಗೆಯಲಿಲ್ಲ. ಅಷ್ಟು ಮರ್ಯಾದಸ್ಥರು.

ಸಾಗರದ ಮಂಡಿ ವ್ಯಾಪಾರಿ ಗಜಾನನ ಹೆಗಡೆಯವರು ಮೂಲೆಯಲ್ಲಿ ನಿಂತು ತಮ್ಮ ಹವ್ಯಕ ಕನ್ನಡದಲ್ಲಿ ಹೆಂಡತಿಗೆ ಫೋನು ಮಾಡುತ್ತಿದ್ದರು. "ಎಂತ ತೊಂದ್ರೆಯೂ ಇಲ್ಲೆ. ಎಲ್ಲ ಆರಾಮು ಇದ್ದು. ಕರೆಂಟೊಂದು ಇಲ್ಲೆ. ಶುಕ್ರವಾರ ಬತ್ತೆ." ಆರ್ಥಿಕ ಬಿಕ್ಕಟ್ಟಿನ ಬಗ್ಗೆ ನಮ್ಮ ನಿಯೋಗದ ಅಧ್ಯಯನ ವರದಿ ಎಂದರೆ ಅದೇ.

ಸಂಜೆ ಒಬ್ಬನೇ ಬೀದಿಗೆ ಹೋದೆ. ಪೆಟ್ರೋಲ್ ಬಂಕಿನಿಂದ ಸಮುದ್ರದವರೆಗೂ ಆಟೊಗಳ ಸಾಲು. ಒಂದು ವಾಹನಕ್ಕೆ ವಾರಕ್ಕೆ ಇಷ್ಟೇ ಲೀಟರು ಎಂದು ಸರ್ಕಾರ ಕಟ್ಟು ಮಾಡಿತ್ತು. ಫೋನಿನಲ್ಲಿ ಒಂದು ಚೌಕದ ಗುರುತು ತೋರಿಸಿದರೆ ಹಾಕುತ್ತಾರೆ, ಇಲ್ಲದಿದ್ದರೆ ಇಲ್ಲ. ಸಾಲಿನಲ್ಲಿದ್ದವರು ಪೇಪರು ಓದುತ್ತಿದ್ದರು, ಒಬ್ಬರ ಫ್ಲಾಸ್ಕಿನ ಟೀ ನಾಲ್ವರು ಕುಡಿಯುತ್ತಿದ್ದರು. ಒಬ್ಬ ಆಟೊದವನು ಊಟಕ್ಕೆ ಮನೆಗೆ ಹೋದ. ಅವನ ಹಿಂದಿನವನು ಅವನ ಆಟೊವನ್ನೂ ತನ್ನದನ್ನೂ ಒಂದೊಂದೇ ತಳ್ಳಿಕೊಂಡು ಮುಂದೆ ಸಾಗಿಸಿದ. ನನಗೆ ಸಾಗರದ ಬಸ್ ಸ್ಟ್ಯಾಂಡ್ ನೆನಪಾಯಿತು. ಅಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಲ್ಲಿ ಟವೆಲ್ ಎಸೆದು, ಎಸೆದವನು ಇಳಿಯುವ ಮುದುಕಿಯನ್ನು ತಳ್ಳಿಕೊಂಡು ಹತ್ತುತ್ತಾನೆ. ನಮಗೆ ಯಾವ ಬಿಕ್ಕಟ್ಟೂ ಇಲ್ಲದೆಯೇ ಈ ಗತಿ.

ನುವರ ಎಲಿಯ

ಕೇಗಾಲೆಗೆ ಕರೆದೊಯ್ಯಲು ನಿಮಲ್ ಮೇಷ್ಟರು ಎರಡು ವ್ಯಾನು ತಂದಿದ್ದರು. ಒಂದನ್ನು ಅವರೇ ಓಡಿಸುತ್ತಿದ್ದರು. ಬಿಳಿ ಅಂಗಿ, ತೆಳ್ಳನೆಯ ಆಳು, ಮಾತು ಮೆಲ್ಲಗೆ. ಬೆಳಿಗ್ಗೆ ಹೊರಟರೆ ಹತ್ತಕ್ಕೆ ಹಳ್ಳಿ ತಲುಪುತ್ತೇವೆ, ಮಧ್ಯಾಹ್ನ ಒಂದರವರೆಗೆ ಕರೆಂಟು ಇರುತ್ತದೆ, ಯಂತ್ರ ನೋಡಲು ಹೆಂಗಸರೆಲ್ಲ ಸೇರಿರುತ್ತಾರೆ ಎಂದು ಲೆಕ್ಕದ ಮೇಷ್ಟರ ಹಾಗೆಯೇ ವಿವರಿಸಿದರು.

ಗೌಡರು ಕರಪತ್ರದ ಹಿಂಬದಿ ತೋರಿಸಿದರು. ಸೀತಮ್ಮನನ್ನು ರಾವಣ ಇಟ್ಟಿದ್ದ ಜಾಗ ನುವರ ಎಲಿಯದ ಬಳಿ ಇದೆ, ಅದನ್ನು ನೋಡದೆ ಲಂಕೆಯಿಂದ ಹೋದರೆ ಊರಲ್ಲಿ ಮುಖ ತೋರಿಸುವ ಹಾಗಿಲ್ಲ ಎಂದರು. ಅದು ಕೇಗಾಲೆ ದಾಟಿ, ಕ್ಯಾಂಡಿ ದಾಟಿ, ಘಟ್ಟ ಹತ್ತಿ ಎಷ್ಟೋ ದೂರ. ನಿಮಲ್ ಮೇಷ್ಟರು, "ಅತಿಥಿಗಳ ಇಷ್ಟ" ಎಂದರು.

ನಸುಕಿನ ನಾಲ್ಕಕ್ಕೇ ಹೊರಟೆವು. ಘಟ್ಟದ ಮೇಲೆ ಚಳಿ, ಮಂಜು, ಗುಡ್ಡದ ತುಂಬ ಟೀ ತೋಟ. ನಮ್ಮವರು ದೇವಸ್ಥಾನದಲ್ಲಿ ಮಂಗಳಾರತಿ ತೆಗೆದುಕೊಂಡು, ಹನುಮಂತನ ಹೆಜ್ಜೆ ಎಂದು ತೋರಿಸಿದ ಕಲ್ಲಿನ ಗುಳಿಯ ಪಕ್ಕ ಕಾಲಿಟ್ಟು ಅಳತೆ ನೋಡಿಕೊಂಡರು. ನಾನು ವ್ಯಾನಿನ ಬಳಿಯೇ ಉಳಿದೆ. ನಿಮಲ್ ಮೇಷ್ಟರು ಹಿಂದಿನ ಸೀಟಿನ ಕೆಳಗಿಂದ ಒಂದು ಕ್ಯಾನ್ ತೆಗೆದು ಟ್ಯಾಂಕಿಗೆ ಸುರಿಯುತ್ತಿದ್ದರು.

"ಈ ವಾರದ್ದು ಮುಗಿಯಿತಾ?" ಎಂದು ಕೇಳಿದೆ.

"ಕೊಲಂಬೊಗೆ ಬರುವಾಗಲೇ ಮುಗಿದಿತ್ತು. ಇದು ನಮ್ಮ ಹಳ್ಳಿಯ ಆಟೊಗಳಿಂದ ಪೈಪು ಹಾಕಿ ತೆಗೆದದ್ದು. ಕರೆಂಟು ಕೈಕೊಟ್ಟರೆ ನಿಮ್ಮ ಯಂತ್ರಕ್ಕೆ ಜನರೇಟರ್ ಬೇಕಲ್ಲ, ಅದಕ್ಕೆಂದು ಇಟ್ಟುಕೊಂಡಿದ್ದೆವು" ಎಂದು ಹೇಳಿ ಕ್ಯಾನಿನ ತಳದಲ್ಲಿ ಉಳಿದದ್ದನ್ನು ಅಲ್ಲಾಡಿಸಿ ನೋಡಿದರು. ದೂರುವ ದನಿಯೇ ಇಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ಬಂಕಿನ ಯಜಮಾನರು ಆ ಹೊತ್ತಿಗೆ ದೇವಸ್ಥಾನದ ಮುಂದೆ ಬಿಸಿ ಜೋಳ ತಿನ್ನುತ್ತಿದ್ದರು.

ಕೇಗಾಲೆ

ಹಳ್ಳಿ ತಲುಪಿದಾಗ ಮೂರು ಗಂಟೆ. ಕರೆಂಟು ಹೋಗಿ ಎರಡು ಗಂಟೆಯಾಗಿತ್ತು. ಹತ್ತು ಗಂಟೆಗೆ ಬಂದಿದ್ದ ಹೆಂಗಸರು ಇನ್ನೂ ಅಲ್ಲೇ ಕೂತಿದ್ದರು, ನಲವತ್ತು ಜನ ಇದ್ದಿರಬೇಕು. ಬಾಗಿಲಲ್ಲಿ ಪ್ರತಿಯೊಬ್ಬರ ಕೈಗೂ ಎಣಿಸಿ ಜೋಡಿಸಿದ ವೀಳ್ಯದೆಲೆಯ ಕಟ್ಟು ಕೊಟ್ಟು ತಲೆ ಬಾಗಿಸಿದರು. ಅದು ಅವರ ಮರ್ಯಾದೆಯ ಕ್ರಮ. ಕೊಟ್ಟವರ ಮುಂದಾಳು ಕುಸುಮ್ ಎಂಬಾಕೆ, ಐವತ್ತೈದರ ಹೆಂಗಸು. ಎಲ್ಲರೂ ಆಕೆಯನ್ನು ಅಕ್ಕ ಎನ್ನುತ್ತಿದ್ದರು. ಅವರ ಭಾಷೆಯಲ್ಲೂ ಅಕ್ಕ ಎಂದರೆ ಅಕ್ಕನೇ. ಹೀಗಾಗಿ ನಾನೂ ಅಕ್ಕ ಎಂದೆ. ಆಕೆಯ ಹೆಬ್ಬೆರಳಿನ ಮೇಲೆ ಅಡ್ಡಡ್ಡ ಗೆರೆಗಳಿದ್ದವು. ನಮ್ಮ ಅವ್ವನ ಬೆರಳಿನದೇ ಗೆರೆಗಳು.

ಸುತ್ತ ನೋಡಿದೆ. ಅಡಿಕೆ ತೋಟವೇ ಇಲ್ಲ. ಒಬ್ಬೊಬ್ಬರ ಮನೆಯ ಬೇಲಿಯಲ್ಲಿ ಎಂಟೋ ಹತ್ತೋ ಮರ, ಹಲಸು, ತೆಂಗು, ಮೆಣಸಿನ ಬಳ್ಳಿಯ ನಡುವೆ ನಿಂತಿವೆ. ದಿನಕ್ಕೆ ಎಷ್ಟು ಮೂಟೆ ಎಂಬ ನನ್ನ ಪ್ರಶ್ನೆಗೆ ಹತ್ತೂ ಹಳ್ಳಿಯನ್ನು ಕೂಡಿ ಉತ್ತರ ಬಂದಿತ್ತು. ಆದರೂ ಪರವಾಗಿಲ್ಲ ಎಂದುಕೊಂಡು, ಅಲ್ಲಿಯ ಆಟೊದವನೊಬ್ಬನ ಸ್ಪ್ಯಾನರ್ ಕೇಳಿ ಪಡೆದು ಯಂತ್ರ ಜೋಡಿಸಿದೆ. ಯಾರೋ ಫ್ಲೆಕ್ಸನ್ನು ಮಡಚಿ ಜಾಗರೂಕತೆಯಿಂದ ಪಕ್ಕಕ್ಕಿಟ್ಟರು. ಜನರೇಟರಿಗೆ ಕ್ಯಾನಿನಲ್ಲಿ ಉಳಿದಿದ್ದ ಒಂದು ಲೀಟರು ಸುರಿದರು.

ಕುಸುಮಕ್ಕ ಅಡಿಕೆಯ ಚೀಲ ತಂದು ಬುಟ್ಟಿಗೆ ಸುರಿದಳು. ಗಡಗಡ ಎಂದು ಸದ್ದಾಯಿತು.

ಹಸಿ ಅಡಿಕೆ ಸುರಿದರೆ ಆ ಸದ್ದು ಬರುವುದಿಲ್ಲ. ಬುಟ್ಟಿಯಲ್ಲಿದ್ದದ್ದು ಹಣ್ಣಾಗಿ ಉದುರಿ, ನೆಲದಿಂದ ಹೆಕ್ಕಿ, ಬಿಸಿಲಿಗೆ ವಾರಗಟ್ಟಲೆ ಒಣಗಿಸಿದ ಅಡಿಕೆ. ಸಿಪ್ಪೆ ಕಂದು ಬಣ್ಣಕ್ಕೆ ತಿರುಗಿ ಬರೀ ನಾರಾಗಿತ್ತು. ಕಸ್ಟಮ್ಸ್‌ನವನು ಬಗ್ಗಿ ಹೆಕ್ಕಿ, ಕಿವಿಯ ಹತ್ತಿರ ಅಲ್ಲಾಡಿಸಿ ತೋರಿಸಿದ್ದು ಇದನ್ನೇ.

ಓದುವವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ನಮ್ಮ ಮೂರು ತಾಲ್ಲೂಕಿನಲ್ಲಿ ಅಡಿಕೆ ಸುಲಿಯುವುದು ಎಂದರೆ ಹಸಿರು ಕಾಯಿಯನ್ನು ಸುಲಿಯುವುದು. ಮರದಿಂದ ಕೊನೆ ಇಳಿಸಿ, ಆ ದಿನವೇ ಸುಲಿದು, ಬೇಯಿಸಿ, ಒಣಗಿಸಿ ಕೆಂಪಡಿಕೆ ಮಾಡುತ್ತೇವೆ. ಹಣ್ಣಾಗಿ ಬಿದ್ದದ್ದು ನಮಗೆ ಕೈತಪ್ಪಿದ್ದು. ನಮ್ಮಲ್ಲೇ ಘಟ್ಟದ ಕೆಳಗಿನ ಕರಾವಳಿಯವರು ಹಣ್ಣನ್ನೇ ಒಣಗಿಸಿ ಸುಲಿಯುತ್ತಾರೆ, ಅದಕ್ಕೆ ಯಂತ್ರವೇ ಬೇರೆ, ಬ್ಲೇಡೇ ಬೇರೆ. ಇದು ನನಗೆ ಗೊತ್ತಿಲ್ಲದ್ದಲ್ಲ. ಹೊಟ್ಟೆಪಾಡೇ ಅದು. ಆದರೂ ಹಸಿಯೋ ಒಣಗಿದ್ದೋ ಎಂದು ನಾನು ಕೇಳಲಿಲ್ಲ. ಪ್ಲಗ್ಗಿನ ಕಾಲು ಎಷ್ಟು ಎಂದು ಕೇಳಿದವನಿಗೆ ಅದು ಹೊಳೆಯಲೇ ಇಲ್ಲ. ಮೂರು ದಿನದಿಂದ ಗೌಡರನ್ನೂ ಹೆಗಡೆಯವರನ್ನೂ ಮನಸ್ಸಿನಲ್ಲೇ ಆಡಿಕೊಳ್ಳುತ್ತಿದ್ದ ನಾನು ಅವರೆಲ್ಲರಿಗಿಂತ ದೊಡ್ಡ ದಡ್ಡ.

ಆದದ್ದಾಗಲಿ ಎಂದು ಯಂತ್ರ ಶುರು ಮಾಡಿದೆ. ನಾಲ್ಕು ಅಡಿಕೆ ಒಳಗೆ ಹೋದವು. ನಾರು ಉರುಳೆಗೆ ಸುತ್ತಿಕೊಂಡು ಯಂತ್ರ ಒಂದು ಸಲ ನರಳಿ ನಿಂತಿತು. ಬಿಡಿಸಿ ಮತ್ತೆ ಹಾಕಿದೆ. ಮತ್ತೆ ನಿಂತಿತು. ಬೇರೆ ಬ್ಲೇಡು ಇದ್ದ ಪೆಟ್ಟಿಗೆ ಊರಿನಲ್ಲಿತ್ತು. ಅದರಲ್ಲೂ ಇದಕ್ಕೆ ಹೊಂದುವ ಬ್ಲೇಡು ಇರಲಿಲ್ಲ ಎನ್ನುವುದು ನಿಜ, ಆದರೆ ಉಜ್ಜಿ ಏನಾದರೂ ಮಾಡಬಹುದಿತ್ತು. ಹೆಂಗಸರು ಯಾರೂ ನಗಲಿಲ್ಲ.

"ಇವ್ರ ಅಡಿಕೇನೇ ಸರಿ ಇಲ್ಲ ಮಾರಾಯ" ಎಂದರು ಗೌಡರು ಗಟ್ಟಿಯಾಗಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

"ಅಡಿಕೆ ಸರಿ ಅದೆ ಗೌಡ್ರೇ. ತಂದಿರೋ ಮೆಷಿನ್ನೇ ಬೇರೆ. ತಪ್ಪು ನಂದು" ಎಂದೆ.

ನಿಮಲ್ ಮೇಷ್ಟರಿಗೆ ಇಂಗ್ಲಿಷಿನಲ್ಲಿ ವಿವರಿಸಿದೆ: ಇದು ಹಸಿ ಕಾಯಿಗೆ ಮಾಡಿದ್ದು, ಅದಾದರೆ ಚೆನ್ನಾಗಿ ಸುಲಿಯುತ್ತದೆ. ಅವರು ಅದನ್ನು ಕುಸುಮಕ್ಕನಿಗೆ ಹೇಳಿದರು. ಆಕೆ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ನನ್ನ ಮುಖ ಆಗ ಹೇಗಿತ್ತೋ. ಆಮೇಲೆ ತಿರುಗಿ ಗಂಡನಿಗೆ ಏನೋ ಹೇಳಿದಳು. ಅವನು ಕಾಲಿಗೆ ಬಳೆಯಂಥ ಹಗ್ಗ ಹಾಕಿಕೊಂಡು ಬೇಲಿಯ ಮರ ಹತ್ತಿದ. ಎರಡು ಕೊನೆ ಇಳಿಸಿದ. ಹಸಿರು, ಬಿಗಿಯಾದ, ಕಾಯಿ ತುಂಬಿದ ಕೊನೆಗಳು.

ಆ ಕಾಯಿ ಹಾಕಿದ ಮೇಲೆ ನನ್ನ ಯಂತ್ರ ನನ್ನ ಮಾನ ಉಳಿಸಿತು. ಬೆಣ್ಣೆಯ ಹಾಗೆ ಸುಲಿಯಿತು. ಒಂದು ಕಡೆ ಸಿಪ್ಪೆ, ಒಂದು ಕಡೆ ಒದ್ದೆ ಬಿಳಿ ಅಡಿಕೆ. ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಹೆಗಡೆಯವರು ವಿಡಿಯೊ ಮಾಡಿದರು. ಜನರೇಟರ್ ನಾಲ್ಕು ಸಲ ಕೆಮ್ಮಿ ನಿಲ್ಲುವ ಹೊತ್ತಿಗೆ ಎರಡೂ ಕೊನೆ ಮುಗಿದಿತ್ತು.

ಗೌಡರು ಇಂಥ ಗಳಿಗೆಯನ್ನು ಬಿಡುವವರಲ್ಲ. ಉಳಿದ ಶಾಲುಗಳನ್ನು ತರಿಸಿ, ಕುಸುಮಕ್ಕನಿಗೂ ಒಂದು ಹೊದಿಸಿ, ಮಾತು ಶುರು ಮಾಡಿದರು. ರಾಮಾಯಣದಿಂದ ಹೊರಟು ಆರ್ಥಿಕ ಬಿಕ್ಕಟ್ಟಿಗೆ ಬಂದು, ಈ ಸಂಕಷ್ಟದ ಕಾಲದಲ್ಲಿ ಮಲೆನಾಡಿನ ಜನತೆಯ ಪರವಾಗಿ ಈ ಯಂತ್ರವನ್ನು ಸ್ನೇಹದ ಕುರುಹಾಗಿ ಇಲ್ಲಿಗೇ ಕೊಡುತ್ತಿದ್ದೇವೆ ಎಂದು ಸಾರಿಬಿಟ್ಟರು. ನನ್ನ ಯಂತ್ರ. ನನ್ನನ್ನು ಒಂದು ಮಾತು ಕೇಳಲಿಲ್ಲ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಅಷ್ಟು ಜನರ ಮುಂದೆ ಇಲ್ಲ ಎನ್ನಲೂ ಆಗದೆ ನಾನೂ ಕೈಮುಗಿದೆ.

ಚಪ್ಪಾಳೆಯ ನಡುವೆ ನಿಮಲ್ ಮೇಷ್ಟರನ್ನು ಕೇಳಿದೆ: "ಈ ಸುಲಿದ ಹಸಿ ಅಡಿಕೆ ಏನು ಮಾಡುತ್ತೀರಿ?"

"ಇದಕ್ಕೆ ಇಲ್ಲಿ ಉಪಯೋಗವಿಲ್ಲ. ಎರಡು ತಿಂಗಳು ಬಿಟ್ಟಿದ್ದರೆ ಹಣ್ಣಾಗಿ ಬೀಳುತ್ತಿತ್ತು. ಪರವಾಗಿಲ್ಲ. ಯಂತ್ರ ನಿಂತಾಗ ನೀವು ತುಂಬ ನೊಂದುಕೊಂಡಿರಿ, ಅದಕ್ಕೇ ಅಕ್ಕ ಕಡಿಸಿದ್ದು."

ಎಂಟು ಮರದವಳ ಎರಡು ಕೊನೆ. ನಾನು ಮುಖ ಕೆಳಗೆ ಹಾಕಿದೆ. ಆ ಅಡಿಕೆಯನ್ನು ಆ ದಿನವೇ ಬೇಯಿಸಬೇಕು, ಇಲ್ಲದಿದ್ದರೆ ಮಾರನೆಯ ದಿನಕ್ಕೆ ಲೋಳೆಯಾಗಿ ಕಪ್ಪಾಗುತ್ತದೆ. ಒಂದು ಹಂಡೆ, ಎರಡು ಹೊರೆ ಸೌದೆ, ಮೂರು ಗಂಟೆ ಸಾಕು. ಬೇಯಿಸುವುದು ಹೇಗೆಂದು ತೋರಿಸಿಕೊಟ್ಟು ಬರುತ್ತೇನೆ, ಯಾವುದಾದರೂ ಬಸ್ಸು ಹಿಡಿದು ರಾತ್ರಿ ಕೊಲಂಬೊ ಸೇರುತ್ತೇನೆ ಎಂದು ಗೌಡರಿಗೆ ಹೇಳಿದೆ.

"ನಿಂಗೇನ್ ತಲೆ ಸಮ ಇಲ್ವನ? ಬಸ್ಸಿಗೆ ಡೀಸೆಲ್ ಇಲ್ಲದ ದೇಶ ಇದು. ನಾಳೆ ಬೆಳಿಗ್ಗೆ ವಿಮಾನ. ಸಂಜೆ ಎಲ್ರೂ ಟೀ ಪುಡಿ ತಗಳದಿದೆ. ಹತ್ತು, ಹತ್ತು."

ನಾನು ಹತ್ತಿದೆ. ಯಾರೂ ನನ್ನ ಕೈ ಹಿಡಿದು ಎಳೆಯಲಿಲ್ಲ, ನಾನೇ ಹತ್ತಿ ಕಿಟಕಿಯ ಪಕ್ಕ ಕೂತೆ. ಕುಸುಮಕ್ಕ ಆ ಸೆಖೆಯಲ್ಲಿ ಶಾಲು ಹೊದ್ದುಕೊಂಡೇ ಕೈ ಬೀಸುತ್ತಿದ್ದಳು. ಆಕೆಯ ಹಿಂದೆ ಸುಲಿದ ಅಡಿಕೆಯ ರಾಶಿ ಬೆಳ್ಳಗೆ ಕಾಣುತ್ತಿತ್ತು. ಒಣಗಿದ ಅಡಿಕೆಗೆ ಬೇರೆ ಬ್ಲೇಡು ಮಾಡಿ ಕಳಿಸುತ್ತೇನೆ ಎಂದು ನಿಮಲ್ ಮೇಷ್ಟರಿಗೆ ಮಾತು ಕೊಟ್ಟೆ. ಅವರು ವಿಳಾಸ ಬರೆದುಕೊಟ್ಟರು.

ರಿಪ್ಪನ್‌ಪೇಟೆ

ಹೋದ ಪುಟ್ಟ ಬಂದ ಪುಟ್ಟ ಎಂದು ನಾನು ತಿಳಿದಿದ್ದೆ. ಊರು ಹಾಗೆ ತಿಳಿಯಲಿಲ್ಲ. ನಾವು ಬರುವ ಮೊದಲೇ ಸುದ್ದಿ ಬಂದಿತ್ತು. 'ಲಂಕೆಯಲ್ಲಿ ಮಲೆನಾಡಿನ ಯಂತ್ರಕ್ಕೆ ಭಾರಿ ಬೇಡಿಕೆ' ಎಂದು ಪೇಪರಿನಲ್ಲಿ ಗೌಡರ ಹೇಳಿಕೆ, ಜೊತೆಗೆ ಹೆಂಗಸರು ಚಪ್ಪಾಳೆ ತಟ್ಟುವ ಫೋಟೊ. ಹೆಗಡೆಯವರ ವಿಡಿಯೊ ಮೂರು ತಾಲ್ಲೂಕಿನ ಫೋನುಗಳಲ್ಲಿ ಓಡಾಡಿತು. ಅದರಲ್ಲಿ ಯಂತ್ರ ನಿಂತದ್ದು ಇರಲಿಲ್ಲ.

ಎರಡೇ ದಿನಕ್ಕೆ ಹೊಸನಗರದಿಂದ ಮೊದಲ ಗಿರಾಕಿ ಬಂದರು. "ಲಂಕಾದಲ್ಲಿ ಓಡಿದ ಮೆಷಿನ್ ಇದೇನಾ?" ಎಂದು ಕೇಳಿದರು. ಇದೇ ಎಂದೆ. ಸುಳ್ಳಲ್ಲ, ಓಡಿದ್ದು ನಿಜ. ಸುಗ್ಗಿಯೊಳಗೆ ಹದಿನೆಂಟು ಯಂತ್ರ ಹೋದವು. ಹತ್ತು ಹೋದರೆ ಸಾಕು ಎಂದಿದ್ದವನಿಗೆ ಹದಿನೆಂಟು. ರಫೀಕ್ ಮತ್ತು ಸುಧಾಕರ ಭಾನುವಾರವೂ ಬಂದು ದುಡಿದರು. ಹಳೆಯ ದಿನ ಬಂತು ಎಂದು ಇಬ್ಬರೂ ಹಾಡಿಕೊಂಡು ವೆಲ್ಡಿಂಗ್ ಮಾಡುವುದನ್ನು ನೋಡಿ ನನಗೆ ಸಂತೋಷವಾಯಿತು. ಸಂತೋಷವಾಯಿತು ಎನ್ನಲು ನಾಚಿಕೆಯೂ ಆಗುತ್ತದೆ.

ಒಣಗಿದ ಅಡಿಕೆಗೆ ಹೊಂದುವ ಬ್ಲೇಡು, ಉರುಳೆ ಎರಡನ್ನೂ ನಾನು ಬಂದ ವಾರವೇ ಮಾಡಿದೆ. ಘಟ್ಟದ ಕೆಳಗಿನಿಂದ ಒಣಗಿದ ಅಡಿಕೆ ತರಿಸಿ ಪರೀಕ್ಷೆಯನ್ನೂ ಮಾಡಿದೆ. ಪೆಟ್ಟಿಗೆಗೆ ಹಾಕಿ, ಮೇಲೆ ಕುಸುಮಕ್ಕನ ಹೆಸರು, ಹಳ್ಳಿ, ಶ್ರೀಲಂಕಾ ಎಂದು ದಪ್ಪಗೆ ಬರೆದು ಮೇಜಿನ ಮೇಲಿಟ್ಟೆ. ಸಾಗರದ ಪೋಸ್ಟ್ ಆಫೀಸಿಗೆ ಹೋಗಬೇಕಿತ್ತು. ಇವತ್ತು ಡೆಲಿವರಿ, ನಾಳೆ ರಿಪೇರಿ ಎಂದು ದಿನ ಹೋದವು. ಒಬ್ಬ ಗಿರಾಕಿ ಪೆಟ್ಟಿಗೆ ನೋಡಿ, "ಓಹೋ, ಇನ್ನೂ ಅಲ್ಲಿಗೆ ಹೋಗ್ತಾನೇ ಇದೆಯಾ ಮಾಲು?" ಎಂದು ಕೇಳಿ, ಚೌಕಾಸಿ ಬಿಟ್ಟು ಮುಂಗಡ ಕೊಟ್ಟು ಹೋದರು. ಆಮೇಲೆ ಆ ಪೆಟ್ಟಿಗೆಯನ್ನು ನಾನು ಬಾಗಿಲಿಗೆ ಎದುರಾಗಿ ಇಟ್ಟೆ. ಇದನ್ನು ಯಾರಿಗೂ ಹೇಳಿರಲಿಲ್ಲ, ಈಗ ಬರೆದೆ. ನಿಯೋಗದ ಹನ್ನೊಂದು ಜನರಲ್ಲಿ ಲಂಕೆಯ ಕಷ್ಟದಿಂದ ನಿಜವಾಗಿ ಲಾಭ ಮಾಡಿಕೊಂಡವನು ನಾನೊಬ್ಬನೇ.

ದೀಪಾವಳಿಯ ಹೊತ್ತಿಗೆ ನಿಮಲ್ ಮೇಷ್ಟರು ಒಂದು ಫೋಟೊ ಕಳಿಸಿದರು. ಶುಭಾಶಯ, ಆರೋಗ್ಯವೇ ಎಂದು ವಿಚಾರಿಸಿದ್ದರು. ಬ್ಲೇಡಿನ ಬಗ್ಗೆ ಒಂದು ಮಾತಿಲ್ಲ. ಫೋಟೊದಲ್ಲಿ ಕುಸುಮಕ್ಕನ ಅಂಗಳ. ಯಂತ್ರ ಮೂಲೆಯಲ್ಲಿ ಹಳೆಯ ಸೀರೆ ಹೊದ್ದು ಸುಮ್ಮನೆ ನಿಂತಿತ್ತು. ಅಂಗಳದ ನಡುವೆ ನಮ್ಮ ಫ್ಲೆಕ್ಸ್ ಹಾಸಿ, ಅದರ ಮೇಲೆ ಅಡಿಕೆ ಒಣ ಹಾಕಿದ್ದರು. 'ವಿದೇಶಿ ಅಡಿಕೆ ಆಮದು ನಿಲ್ಲಿಸಿ' ಎಂಬ ಅಕ್ಷರದ ಮೇಲೂ ತಮ್ಮಣ್ಣಗೌಡರ ಮುಗಿದ ಕೈಯ ಮೇಲೂ ಲಂಕೆಯ ಅಡಿಕೆ ಬಿಸಿಲು ಕಾಯುತ್ತಿತ್ತು. ನಾವು ಹೊತ್ತುಕೊಂಡು ಹೋದದ್ದರಲ್ಲಿ ಅವರಿಗೆ ಉಪಯೋಗಕ್ಕೆ ಬಂದದ್ದು ಅದೊಂದೇ. ಆಕೆ ಆ ರಾಶಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಕತ್ತಿಯಿಂದ ಅಡಿಕೆ ಸುಲಿಯುತ್ತಿದ್ದಳು. ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು.

ಆ ದಿನ ಶೆಡ್ಡನ್ನು ರಫೀಕನಿಗೆ ಒಪ್ಪಿಸಿ, ಪೆಟ್ಟಿಗೆ ಹೊತ್ತು ಸಾಗರದ ಬಸ್ಸು ಹತ್ತಿದೆ.

ಪೋಸ್ಟ್ ಆಫೀಸಿನಲ್ಲಿ ಹೊರದೇಶಕ್ಕೆ ಪಾರ್ಸೆಲ್ ಕಳಿಸಲು ಒಂದು ಫಾರಂ ತುಂಬಬೇಕು. ಒಳಗಿರುವುದು ಉಡುಗೊರೆಯೋ, ವ್ಯಾಪಾರದ ಮಾದರಿಯೋ, ಮಾರಿದ ಸರಕೋ, ವಾಪಸು ಮಾಡುವ ಸರಕೋ ಎಂದು ಗುರುತು ಹಾಕಬೇಕು. ಉಡುಗೊರೆ ಎನ್ನಲು ನನಗೆ ಮುಖವಿರಲಿಲ್ಲ. ಬಹಳ ಹೊತ್ತು ಪೆನ್ನು ಹಿಡಿದು ನಿಂತು ಕೊನೆಯದಕ್ಕೆ ಗುರುತು ಹಾಕಿದೆ.

ಕೌಂಟರಿನ ಹೆಣ್ಣುಮಗಳು ಫಾರಂ ನೋಡಿ ತಲೆಯೆತ್ತಿದಳು. "ವಾಪಸ್ ಸರಕು ಅಂತ ಹಾಕಿದೀರಲ್ಲ ಸರ್. ಅಲ್ಲಿಂದ ಮೊದ್ಲು ಎಂಥದ್ ಬಂದಿತ್ತು ನಿಮಗೆ?"

"ಎರಡು ಕೊನೆ ಹಸಿ ಅಡಿಕೆ" ಎಂದೆ.